ಕಿಟಕಿ ಕಡೆಯ ಕೈ

ಕುದುಸ್,
ಜುಲೈ ತಿಂಗಳ ಎರಡನೇ ಗುರುವಾರ

ವಿನಾರ್ಸಿ,

ಪತ್ರ ಬರೆಯುವುದು ನನ್ನ ಕೆಲಸವಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ತಂಬಾಕಿನ ಬುಟ್ಟಿಯ ಮುಂದೆ ಕೂತವಳು ನಾನು. ಇದು ನಿನಗೂ ಗೊತ್ತು, ನಿನ್ನ ಮಗಳು ಮುರ್ನಿಗೂ ಗೊತ್ತು. ಗೊತ್ತಿದ್ದೂ ಅವಳು ಫೋನಿನಲ್ಲೇ ಎಪ್ಪತ್ತೊಂದರ ಮುದುಕಿಯ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾಳೆ. ಬೆಳಗಿನ ನಮಾಜು ಮುಗಿಸಿ ಕೂತದ್ದು, ಬಿಸಿಲು ಹೊಸಿಲು ದಾಟಿತು, ಕಾಗದದ ಮೇಲೆ ಇಷ್ಟೇ ಬಿದ್ದಿರುವುದು. ಇಷ್ಟು ಹೊತ್ತಿಗೆ ನಾವಿಬ್ಬರು ಸಾವಿರ ಸಿಗರೇಟು ಸುತ್ತಿ, ತುದಿ ಕತ್ತರಿಸಿ, ಕಟ್ಟು ಕಟ್ಟಿ ಇಟ್ಟಿರುತ್ತಿದ್ದೆವು. ಅಸ್ಸಲಾಮು ಅಲೈಕುಮ್ ಎಂದು ಮೊದಲೇ ಬರೆಯಬೇಕಿತ್ತು. ಮರೆತೆ. ಈಗ ಬರೆದಿದ್ದೇನೆ, ತೆಗೆದುಕೋ.

ಮೊನ್ನೆ ಮುರ್ನಿ ಫೋನು ಮಾಡಿದ್ದಳು. ಹದಿನೈದು ವರ್ಷದ ಮೇಲೆ. ನನ್ನ ನಂಬರು ಯಾರ ಹತ್ತಿರ ಇಸಿದುಕೊಂಡಳೋ. "ದೊಡ್ಡಮ್ಮ, ನಿಮ್ಮ ಹೆಸರೆತ್ತಿದ್ರೆ ಸಾಕು, ಅಮ್ಮ ಗೋಡೆ ಕಡೆ ತಿರುಗಿ ಮಲಗ್ತಾಳೆ. ಫೋನು ಕಿವಿ ಹತ್ರ ಹಿಡಿದ್ರೆ ಕಣ್ಣು ಮುಚ್ಕೋತಾಳೆ. ನೀವು ಪತ್ರ ಬರೀರಿ. ದಿಂಬಿನ ಪಕ್ಕ ಇಟ್ಬಿಡ್ತೀನಿ. ಎಷ್ಟು ದಿನ ಓದದೆ ಇರ್ತಾಳೆ?" ಎಂದಳು.

"ನನಗೆ ಬರೆಯೋಕೆ ಎಲ್ಲಿ ಬರುತ್ತೆ?" ಎಂದೆ.

"ಬೈಯೋಕೆ ಬರುತ್ತಲ್ಲ, ಅದನ್ನೇ ಬರೀರಿ" ಎಂದಳು. ನಿನ್ನ ಮಗಳೇ, ಅನುಮಾನವಿಲ್ಲ.

ಆಮೇಲೆ ಎಲ್ಲ ಹೇಳಿದಳು. ಉಪವಾಸದ ತಿಂಗಳಲ್ಲಿ ನೀನು ಬಾವಿಕಟ್ಟೆಯಲ್ಲಿ ಜಾರಿ ಬಿದ್ದೆಯಂತೆ. ತೋಳಿನ ಮೂಳೆ ಬಿರುಕು ಬಿಟ್ಟಿತಂತೆ. ಕಟ್ಟು ಬಿಚ್ಚಿ ತಿಂಗಳು ದಾಟಿದೆ, ಮೂಳೆ ಕೂಡಿದೆ, ಆದರೂ ನೀನು ಆ ಕೈಯನ್ನು ಸತ್ತ ಕೋಳಿಮರಿಯ ಹಾಗೆ ಎದೆಗವಚಿಕೊಂಡು ಮಲಗಿದ್ದೀಯಂತೆ. ಅನ್ನವನ್ನೂ ಮಗಳೇ ತಿನ್ನಿಸಬೇಕಂತೆ. ಆರೋಗ್ಯ ಕೇಂದ್ರದ ನರ್ಸು ಬಂದು, ಈಗ ಆಡಿಸಿದರೆ ಆ ಭುಜ ಆಡುತ್ತದೆ, ಅಕ್ಟೋಬರಿನ ಮಳೆಗಾಲದವರೆಗೆ ಹೀಗೇ ಇಟ್ಟುಕೊಂಡರೆ ಆಮೇಲೆ ಯಾರು ಏನು ಮಾಡಿದರೂ ಆಡುವುದಿಲ್ಲ, ಕೈಯ ಹಿಂದೆ ಕಾಲೂ ಹೋಗುತ್ತದೆ ಎಂದಳಂತೆ. ಅದಕ್ಕೆ ನೀನು ಹೇಳಿದ್ದೇನು? "ನಾನೇನು ಇನ್ನು ಕತ್ತರಿ ಹಿಡಿಯೋದಿದೆಯಾ? ಬಿಟ್ಬಿಡಿ."

ಕೇಳಿ ನನಗೆ ಮೈ ಉರಿಯಿತು. ದೇವರು ಕೈ ಕೊಟ್ಟದ್ದು ಬರೀ ಕತ್ತರಿಗೇನು? ತಲೆ ಬಾಚಿಕೊಳ್ಳುವುದು ಬೇಡವೇ? ಬೆನ್ನು ತುರಿಸಿಕೊಳ್ಳುವುದು ಬೇಡವೇ? ಮೊಮ್ಮಕ್ಕಳು ತಲೆ ತಿಂದಾಗ ತಲೆಯ ಮೇಲೊಂದು ಕುಟ್ಟುವುದು ಬೇಡವೇ?

ಮುರ್ನಿ ಇನ್ನೊಂದು ಮಾತು ಹೇಳಿದಳು. ಮಧ್ಯಾಹ್ನದ ನಿದ್ದೆಯಲ್ಲಿ ನೀನು ಎಣಿಸುತ್ತೀಯಂತೆ. ಒಂದರಿಂದ ಎಂಟರವರೆಗೆ, ಎಂಟಾದ ಮೇಲೆ ಮತ್ತೆ ಒಂದರಿಂದ. "ಮಧ್ಯೆ ಮಧ್ಯೆ 'ಯು, ಎದ್ದು ನಿಂತ್ಕೋ' ಅಂತಾಳೆ. ಯಾವ ಅಕ್ಕನ್ನ ಎಬ್ಬಿಸ್ತಾಳೆ ದೊಡ್ಡಮ್ಮ? ನಮ್ಮಮ್ಮಂಗೆ ಒಡಹುಟ್ಟಿದ ಅಕ್ಕ ಯಾರೂ ಇಲ್ವಲ್ಲ?" ಎಂದು ಕೇಳಿದಳು. ಯು ಎಂದು, ಒಡಹುಟ್ಟಿದ ಅಕ್ಕನ ಹಾಗೆ, ನೀನು ಕರೆಯುತ್ತಿದ್ದದ್ದು ನನ್ನನ್ನು. ಒಲೆಯ ಮೇಲೆ ಅನ್ನ ಇದೆ ಎಂದು ಫೋನು ಇಟ್ಟೆ.

ನಮ್ಮ ಕಾರ್ಖಾನೆಯ ಒಂಬತ್ತು ಗಂಟೆಯ ವ್ಯಾಯಾಮದ ಆ ಹಾಡು, ವಿನ್. ನನಗೆ ಈಗಲೂ ಒಂಬತ್ತಾಗುವ ಹೊತ್ತಿಗೆ ಕಿವಿಯಲ್ಲಿ ಬರುತ್ತದೆ. ಮೊದಲು ಧ್ವನಿವರ್ಧಕ ಕರಕರ ಎನ್ನುತ್ತಿತ್ತು, ಆಮೇಲೆ ಸಂಗೀತ, ಆಮೇಲೆ ಯಾವುದೋ ಊರಿನ ಹೆಂಗಸಿನ ಧ್ವನಿ. ಅಷ್ಟು ಹೊತ್ತೂ ಕಟಕಟ ಎನ್ನುತ್ತಿದ್ದ ಮರದ ಯಂತ್ರಗಳೆಲ್ಲ ಒಂದೇ ಸಲ ನಿಲ್ಲುತ್ತಿದ್ದವು. ಸಾವಿರದೈನೂರು ಬೆಂಚು ಒಟ್ಟಿಗೆ ಹಿಂದಕ್ಕೆ ಸರಿಯುತ್ತಿದ್ದವು. ಎಲ್ಲರೂ ಏಳುತ್ತಿದ್ದರು. ತಂಬಾಕಿಗೆ ಬೆರೆಸುವ ಲವಂಗದ ಧೂಳು ಮೇಲಿನ ಕಿಟಕಿಗಳ ಬಿಸಿಲಿನಲ್ಲಿ ಬಂಗಾರದ ಹೊಟ್ಟಿನ ಹಾಗೆ ತೇಲುತ್ತಿತ್ತು, ಅದರೊಳಗೆ ಅಷ್ಟು ಕೈಗಳೂ ಮೆಲ್ಲಗೆ ಮೇಲೆ ಹೋಗುತ್ತಿದ್ದವು. ಯಾರಿಗೂ ಹೆಸರಿಲ್ಲ, ವಯಸ್ಸಿಲ್ಲ, ಗಂಡ ಮಕ್ಕಳಿಲ್ಲ. ಬತ್ತದ ಗದ್ದೆಯ ಮೇಲೆ ಗಾಳಿ ಹೋದ ಹಾಗೆ, ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಬಾಗುವುದು, ಏಳುವುದು. ಐದೇ ನಿಮಿಷ. ಆ ಐದು ನಿಮಿಷ ನನಗೆ ನೆಲದ ಮೇಲೆ ಇದ್ದೇನೋ, ನೀರಿನೊಳಗೆ ಇದ್ದೇನೋ ತಿಳಿಯುತ್ತಿರಲಿಲ್ಲ.

ಶುರುವಾದ ದಿನ ನಾವೇ ಎಷ್ಟು ನಕ್ಕಿದ್ದೆವು. "ಯು, ಇದೇನು ಸಂಬಳ ಕೊಟ್ಟು ಕುಣಿಸ್ತಾರಲ್ಲ!" ಎಂದವಳು ನೀನು. ಆಮೇಲೆ ಅದಿಲ್ಲದೆ ಇರಲಾರದವಳೂ ನೀನೇ.

ನಾನು ಎಡ ಬಲ ಕಲಿತವಳಲ್ಲ. ಕಲಿಸುವ ಹೊತ್ತಿಗೆ ಶಾಲೆ ಬಿಟ್ಟಿದ್ದೆ. ನಾನು ಸುತ್ತುವವಳು, ನೀನು ತುದಿ ಕತ್ತರಿಸುವವಳು, ನಡುವೆ ಮರದ ಯಂತ್ರ, ಎದುರುಬದುರು ಕೂರುವುದು. ಧ್ವನಿ "ಬಲ" ಎಂದರೆ ನಿನ್ನ ಕತ್ತರಿ ಹಿಡಿಯುವ ಕೈ ಕಿಟಕಿಯ ಕಡೆ ಏಳುತ್ತಿತ್ತು. ನಾನು ನಿನ್ನ ಮುಖ ನೋಡಿಕೊಂಡು ನನ್ನ ಕಿಟಕಿ ಕಡೆಯ ಕೈ ಎತ್ತುತ್ತಿದ್ದೆ. "ಎಡ" ಎಂದರೆ ಇಬ್ಬರದೂ ಬಾಗಿಲ ಕಡೆ. ಕನ್ನಡಿ ನೋಡಿಕೊಂಡ ಹಾಗೆ. ನೀನು ಬಗ್ಗಿದರೆ ನಾನು ಬಗ್ಗುವುದು, ನೀನು ಉಸಿರು ಬಿಟ್ಟರೆ ನಾನು ಬಿಡುವುದು. ಇಷ್ಟು ವರ್ಷ ಇದು ತಪ್ಪು ಎಂದು ನನಗೆ ಯಾರೂ ಹೇಳಲಿಲ್ಲ. ನೀನೂ ಹೇಳಲಿಲ್ಲ. ನಗುತ್ತಿದ್ದೆ ಅಷ್ಟೆ. ಯಾಕೆ ನಗುತ್ತೀಯೆಂದು ನಾನು ಕೇಳಲಿಲ್ಲ.

ಆಮೇಲೆ ಆ ಕೆಂಪು ಬಾವುಟ ಬಂತು.

ಬಾವುಟ ಎಂದರೂ ಅಂಗೈ ಅಗಲದ ಬಟ್ಟೆ, ಒಂದು ಕಡ್ಡಿಗೆ ಕಟ್ಟಿದ್ದು. ವಾರದಲ್ಲಿ ಎಲ್ಲರಿಗಿಂತ ಹೆಚ್ಚು ಸುತ್ತಿದ ಜೋಡಿಯ ಮೇಜಿನ ಮೇಲೆ ಮೇಸ್ತ್ರಿ ಬು ಮಾರ್ಯಾತಿ ಅದನ್ನು ನಿಲ್ಲಿಸುತ್ತಿದ್ದಳು. ಅದು ಒಂದು ಸಲ ನಮ್ಮ ಮೇಜಿಗೆ ಬಂದ ಮೇಲೆ ನನಗೆ ಹುಚ್ಚು ಹಿಡಿಯಿತು, ಒಪ್ಪುತ್ತೇನೆ. ಸುತ್ತಲಿನ ಹೆಂಗಸರು ಅದರ ಕಡೆ ನೋಡುವುದನ್ನು ನೋಡುವುದೇ ನನಗೆ ಊಟ. ಅಷ್ಟು ಸುಲಭಕ್ಕೆ ಅದು ನಿಲ್ಲುತ್ತದೆಯೇ? ಹಿಂದಿನ ಸಾಲಿನವರು ಚುರುಕಾಗಿದ್ದರು. ಆಗ ನಾನು ಆ ಐದು ನಿಮಿಷಕ್ಕೆ ಕೈ ಹಾಕಿದೆ. ಬೆಳಿಗ್ಗೆ ಐದು, ಮಧ್ಯಾಹ್ನ ಐದು. ಹಾಡು ಬಂದಾಗ ನೀನು ಏಳಹೊರಟರೆ, "ಕೂತ್ಕೋ, ಆ ಕುಣಿತ ಬೇಡ. ರಾಶಿ ನೋಡು" ಎನ್ನುತ್ತಿದ್ದೆ.

"ಯು, ಎದ್ದು ನಿಂತ್ಕೋ. ಎಂಟೆಣಿಸೋವರೆಗೆ ಅಷ್ಟೆ. ಕುತ್ತಿಗೆ ಕಲ್ಲಾಗಿದೆ" ಎನ್ನುತ್ತಿದ್ದೆ ನೀನು.

"ಮನೆಗೆ ಹೋಗಿ ನಿಂತ್ಕೋ, ರಾತ್ರಿಯೆಲ್ಲ ನಿಂತ್ಕೋ, ಯಾರು ಬೇಡ ಅಂದ್ರು?"

ನೀನು ಕೂರುತ್ತಿದ್ದೆ. ಸುತ್ತ ಎಲ್ಲರೂ ಮರಗಳ ಹಾಗೆ ನಿಂತು ಕೊಂಬೆ ಆಡಿಸುವಾಗ ನಾವಿಬ್ಬರು ಬುಡದಲ್ಲಿ, ನೆರಳಿನಲ್ಲಿ, ತಲೆ ತಗ್ಗಿಸಿ. ಬು ಮಾರ್ಯಾತಿ ಕಂಡೂ ಕಾಣದ ಹಾಗೆ ಹೋಗುತ್ತಿದ್ದಳು. ಬಾವುಟ ತನ್ನ ಸಾಲಿನಲ್ಲಿದ್ದರೆ ಅವಳಿಗೂ ಹೆಸರು. ಮೂರು ವರ್ಷ ಹಾಗೆ ಮಾಡಿದೆವು. ಮಾಡಿದೆವು ಅಲ್ಲ, ಮಾಡಿಸಿದೆ.

ನನಗೇನೂ ಆಗಲಿಲ್ಲ. ಸುತ್ತುವವಳಿಗೆ ಯಂತ್ರದ ಹಿಡಿ ಎಳೆಯುವಾಗ ಸೊಂಟದಿಂದ ಭುಜದವರೆಗೆ ಮೈ ಆಡುತ್ತದೆ. ನಿನ್ನ ಕೆಲಸದಲ್ಲಿ ಆಡುವುದು ಎರಡು ಬೆರಳು ಮಾತ್ರ. ಮಿಕ್ಕಿದ್ದೆಲ್ಲ ಬಿಗಿಹಿಡಿದು ಕೂರಬೇಕು. ಇದು ನನಗೆ ಆಗ ಹೊಳೆಯಲಿಲ್ಲ ಎಂದು ಬರೆಯಬಹುದು. ಹೊಳೆದಿತ್ತು. ಸಂಜೆ ನೀನು ತಲೆಯ ಬಟ್ಟೆಗೆ ಪಿನ್ನು ಹಾಕಿಕೊಳ್ಳಲು ಆಗದೆ, "ಯು, ಒಂಚೂರು ಹಾಕು" ಎಂದು ಕತ್ತು ಒಡ್ಡುತ್ತಿದ್ದೆಯಲ್ಲ, ಆಗ ಹೊಳೆದಿತ್ತು. ಹಾಕಿ, ಬೆನ್ನಿಗೊಂದು ತಟ್ಟಿ, "ವಯಸ್ಸಾಯ್ತು ನಿಂಗೆ" ಎನ್ನುತ್ತಿದ್ದೆ. ನನಗಿಂತ ಎರಡು ವರ್ಷ ಚಿಕ್ಕವಳಿಗೆ.

ಭುಜ ಹಿಡಿದ ಮೇಲೆ ನಿನ್ನ ಕತ್ತರಿ ನಿಧಾನವಾಯಿತು. ನಾನು ಸುತ್ತಿದ್ದು ನಿನ್ನ ಮುಂದೆ ಗುಡ್ಡೆಯಾಗತೊಡಗಿತು. ಬಾವುಟ ಹಿಂದಿನ ಸಾಲಿಗೆ ಹೋಯಿತು. ಒಂದು ಸೋಮವಾರ ಬಂದು ನೋಡಿದರೆ ನಿನ್ನ ಬೆಂಚಿನ ಮೇಲೆ ಬೇರೆ ಹುಡುಗಿ. ನಿನ್ನನ್ನು ಹಿಂದಿನ ಕೋಣೆಗೆ, ಪೊಟ್ಟಣಕ್ಕೆ ಚೀಟಿ ಅಂಟಿಸುವ ಕಡೆಗೆ ಹಾಕಿದ್ದರು. ಮೇಸ್ತ್ರಿ ಮಾಡಿದ್ದು, ಮೇಲಿನವರ ಆರ್ಡರು ಎಂದು ಎಲ್ಲರೂ ಹೇಳಿದರು. ನಾನೂ ಹಾಗೇ ಹೇಳಿದೆ. ಆ ಕೋಣೆಯಲ್ಲಿ ಕಿಟಕಿ ಇರಲಿಲ್ಲ, ಧ್ವನಿವರ್ಧಕವೂ ಇರಲಿಲ್ಲ. ಎಂಟು ತಿಂಗಳಿಗೆ ನೀನು ಕೆಲಸ ಬಿಟ್ಟು ಮಗಳ ಜೊತೆ ಸಮುದ್ರದಾಚೆಯ ಲಾಂಪುಂಗ್‌ಗೆ ಹೊರಟೆ.

ಕೊನೆಯ ದಿನ ನೀನು ಬಂದು ನಮ್ಮ ಮೇಜಿನ ತುದಿಯಲ್ಲಿ ನಿಂತೆ. ನಾನು ಕೆಲಸದ ಗಡಿಬಿಡಿಯಲ್ಲಿ ನೋಡಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿಕೊಂಡು ಬಂದೆ. ನೋಡಿದ್ದೆ. ನಿನ್ನ ಹಸಿರು ಲಂಗದ ಅಂಚು, ಚಪ್ಪಲಿಯ ಕಿತ್ತ ಉಂಗುಷ್ಟ, ಬಗಲಲ್ಲಿ ಬಟ್ಟೆ ಸುತ್ತಿದ ನಿನ್ನ ಕತ್ತರಿ. ನಲವತ್ತು ಸಿಗರೇಟು ಸುತ್ತುವಷ್ಟು ಹೊತ್ತು ನೀನು ನಿಂತಿದ್ದೆ. ನಾನು ತಲೆ ಎತ್ತಲಿಲ್ಲ.

ಇಷ್ಟು ಬರೆದು ಎದ್ದು ಹೋಗಿ ಎಮ್ಮೆ ಮಾಂಸದ ಸೋತೋ ಸಾರು ಒಂದು ಬಟ್ಟಲು ಕುಡಿದು ಬಂದೆ. ರುಚಿ ಹತ್ತಲಿಲ್ಲ.

ನನ್ನ ಸರದಿಯೂ ಬಂತು, ಕೇಳು, ನಿನಗೆ ಸಮಾಧಾನವಾಗಲಿ. ಕೆಲಸ ಬಿಟ್ಟ ಮೇಲೆ ನಾನು ಕುರ್ಚಿಯಲ್ಲಿ ಕೂತೆ. ಕೂತವಳು ಕೂತೇ ಇದ್ದೆ. ಮೊದಲು ಮಂಡಿ ಹಿಡಿಯಿತು, ಆಮೇಲೆ ಸೊಂಟ, ಆಮೇಲೆ ಬೆರಳು. ನಮಾಜನ್ನೂ ಕುರ್ಚಿಯ ಮೇಲೆ ಕೂತೇ ಮಾಡತೊಡಗಿದೆ. ನೆಲಕ್ಕೆ ಹಣೆ ಮುಟ್ಟಿಸಿ ನಾಲ್ಕು ವರ್ಷವಾಗಿತ್ತು. ನೆಲ ನನಗೆ ಬೇರೆ ಊರಾಗಿತ್ತು. ಬಿದ್ದ ಚಮಚ ಎತ್ತಲು ಪಕ್ಕದ ಮನೆಯವರನ್ನು ಕೂಗಬೇಕು.

ಪಕ್ಕದ ಮನೆಯ ಬು ತಾರ್ಮಿ ಅಂಥವಳೇ, ಬಿಡುವವಳಲ್ಲ. ಕಳೆದ ವರ್ಷ ಕೈ ಹಿಡಿದು ಎಳೆದುಕೊಂಡು ಹೋದಳು. ವಾರದಲ್ಲಿ ನಾಲ್ಕು ದಿನ, ಬೆಳಕು ಹರಿಯುವ ಹೊತ್ತಿಗೆ, ಗ್ರಾಮ ಕಚೇರಿಯ ಅಂಗಳದಲ್ಲಿ ಮುದುಕರ ವ್ಯಾಯಾಮ. ಮುರಿಯಾ ಬೆಟ್ಟದಿಂದ ಮಂಜು ಇಳಿದು ಮಂಡಿಯವರೆಗೆ ನಿಂತಿರುತ್ತದೆ. ಅದರೊಳಗೆ ಇಪ್ಪತ್ತು ಮೂವತ್ತು ಜನ, ಕಾಲೇ ಇಲ್ಲದವರ ಹಾಗೆ ತೇಲುತ್ತಾ ನಿಲ್ಲುತ್ತೇವೆ. ಮುಂದೆ ಸುಕಾರ್ದಿ ಮೇಷ್ಟ್ರು, ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು, ನಮ್ಮ ಕಡೆ ಬೆನ್ನು ಮಾಡಿ ನಿಂತು ಎಣಿಸುತ್ತಾರೆ.

ಮೊದಲ ದಿನವೇ ರಂಪವಾಯಿತು. "ಬಲಗೈ ಮೇಲೆ" ಎಂದರು. ನಾನು ಸರಿಯಾಗಿ ಎತ್ತಿದೆ. ಅದು ಹೋಗಿ ಬು ತಾರ್ಮಿಯ ಕನ್ನಡಕಕ್ಕೆ ಬಡಿಯಿತು.

"ಅಯ್ಯೋ ನನ್ನ ಕಣ್ಣು! ನೀವು ವ್ಯಾಯಾಮಕ್ಕೆ ಬಂದ್ರೋ, ಕುಸ್ತಿಗೆ ಬಂದ್ರೋ?"

"ನೀವೇ ತಪ್ಪು ಕೈ ಎತ್ತಿರೋದು. ನನ್ನ ಜಾಗಕ್ಕೆ ಯಾಕೆ ಬರ್ತೀರಿ?"

"ನಾನಾ ತಪ್ಪು? ಇಡೀ ಸಾಲು ನೋಡಿ ಬು ಲಸ್ಮಿನಿ, ನೀವೊಬ್ರೇ ಆ ಕಡೆ ಹೋಗ್ತಿರೋದು!"

ನೋಡಿದೆ. ಹೌದು. ಎಲ್ಲರ ಕೈಯೂ ಒಂದು ಕಡೆ, ನನ್ನದೊಂದು ಇನ್ನೊಂದು ಕಡೆ. ಮೇಷ್ಟ್ರು ತಿರುಗಿ ನೋಡಿ, "ಎಷ್ಟು ವರ್ಷದಿಂದ ಹೀಗೆ ಮಾಡ್ತಿದೀರಿ?" ಎಂದರು. ಲೆಕ್ಕ ಹಾಕಿ ಹೇಳಿದೆ. ಅವರು ನಗಲಿಲ್ಲ. "ಹಾಗಾದ್ರೆ ಅದನ್ನ ನಿಮ್ಮ ಮೈಯಿಂದ ತೆಗೆಯೋಕೆ ಆಗಲ್ಲ ಬಿಡಿ. ಸಾಲಿನ ತುದಿಗೆ ಬನ್ನಿ. ಯಾವ ಕಡೆಯಾದ್ರೇನು, ಎಂಟರವರೆಗೆ ಮಾಡಿ" ಎಂದರು.

ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ಎಲ್ಲರೂ ಬೆನ್ನು ನೋಡಿ ಕಲಿತಿದ್ದರು, ನಾನು ಮುಖ ನೋಡಿ ಕಲಿತಿದ್ದೆ. ನನ್ನ ಮೈಯಲ್ಲಿ ವ್ಯಾಯಾಮ ಎಂದು ಏನಿತ್ತೋ ಅದೆಲ್ಲ ನೀನು. ಆ ದಿನ ನಾನು ಅತ್ತೆನೆಂದು ಮುರ್ನಿಗೆ ಹೇಳಬೇಡ.

ಈಗ ಲಾಭ ಏನಾಯಿತು ಎಂದು ಹೇಳುತ್ತೇನೆ. ಸುಳ್ಳು ಹೇಳುವುದಿಲ್ಲ. ಮೊದಲ ಮೂರು ವಾರ ಏನೂ ಆಗಲಿಲ್ಲ, ನೋವು ಜಾಸ್ತಿಯಾಯಿತು. ಮೇಷ್ಟ್ರಿಗೆ ಬೈದೆ. "ಬೈಯೋದು ಬೈಯಿರಿ, ನಾಳೆ ಬಂದು ಬೈಯಿರಿ" ಎಂದರು. ಬೈಯುವುದಕ್ಕೆಂದೇ ಹೋದೆ. ಐದನೇ ವಾರ ರವಿಕೆಯ ಹಿಂದಿನ ಕೊಕ್ಕೆ ನಾನೇ ಹಾಕಿಕೊಂಡೆ, ಹಾಕಿಕೊಂಡದ್ದು ಹಾಕಿ ಮುಗಿದ ಮೇಲೆ ಗೊತ್ತಾಯಿತು. ಆಮೇಲೆ ನಿದ್ದೆ ಬಂತು, ಎಷ್ಟೋ ವರ್ಷದ ಹಿಂದೆ ಬರುತ್ತಿದ್ದಂಥ ನಿದ್ದೆ, ಬೆಲ್ಲದ ಪಾಕದಲ್ಲಿ ಮುಳುಗಿದ ಹಾಗೆ. ಮಂಡಿಯೊಳಗೆ ಯಾರೋ ಎಣ್ಣೆ ಬಿಟ್ಟ ಹಾಗಾಯಿತು. ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಚಾಪೆ ಹಾಸಿ, ಗೋಡೆ ಹಿಡಿಯದೆ ಇಳಿದೆ. ಹಣೆ ನೆಲ ಮುಟ್ಟಿತು. ಚಾಪೆಯ ವಾಸನೆ ಬಂತು. ಅಲ್ಲೇ ಎಷ್ಟು ಹೊತ್ತು ಇದ್ದೆನೋ, ಬು ತಾರ್ಮಿ ಬಂದು, ನಾನು ಸತ್ತೇ ಹೋದೆ ಎಂದು ಹೆದರಿ ಕೂಗಿಕೊಂಡಳು.

ಇದನ್ನೆಲ್ಲ ನಿನಗೆ ಹೇಳಬೇಕು ಎಂದು ಅವತ್ತಿನಿಂದ ಇತ್ತು. ಹೇಳುವ ಮುಖ ಇರಲಿಲ್ಲ.

ನಿನ್ನೆ ಮಧ್ಯಾಹ್ನ ಚಾಪೆಯ ಮೇಲೆ ಒರಗಿದ್ದೆ. ಕನಸಿನಲ್ಲಿ ನಮ್ಮ ಆ ಕಾರ್ಖಾನೆಯ ತುಂಬ ತಿಳಿನೀರು. ಚಾವಣಿಯವರೆಗೂ ನೀರು. ಹೆಂಗಸರೆಲ್ಲ ಅದರಲ್ಲಿ ನಿಂತು ಕೈ ಎತ್ತಿದ್ದಾರೆ, ಕೈಗಳು ಸಮುದ್ರದ ಹುಲ್ಲಿನ ಹಾಗೆ ತಮ್ಮಷ್ಟಕ್ಕೆ ತೂಗುತ್ತಿವೆ. ಸದ್ದಿಲ್ಲ. ಒಬ್ಬೊಬ್ಬರೇ ಹಗುರಾಗಿ ಮೇಲೆ ಹೋಗುತ್ತಿದ್ದಾರೆ, ಮೇಲಿನ ಕಿಟಕಿಗಳ ಬೆಳಕಿನ ಕಡೆಗೆ. ನಾವಿಬ್ಬರು ಮಾತ್ರ ತಳದಲ್ಲಿ, ಮೇಜಿನ ಕೆಳಗೆ. ನೀನೂ ಮೇಲೆ ಹೋಗಲು ನೋಡುತ್ತಿದ್ದೀಯ, ಹೋಗಲಾಗುತ್ತಿಲ್ಲ. ಯಾಕೆ ಎಂದು ನೋಡಿದರೆ ನಿನ್ನ ತಲೆಯ ಮೇಲೆ ಒಂದು ಕೈ ಇದೆ. ಯಾರದು ಎಂದು ನೋಡಿದೆ. ಎಚ್ಚರವಾಯಿತು. ಎದ್ದವಳೇ ಅಂಗಡಿಗೆ ಹೋಗಿ ಈ ಕಾಗದ ತಂದೆ.

ಇನ್ನು ಹೇಗೆ ಮಾಡಬೇಕು ಎಂದು ಬರೆಯುತ್ತೇನೆ, ಸರಿಯಾಗಿ ಓದು. ಮೇಷ್ಟ್ರನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ. ಮುರ್ನಿಗೆ ಹೇಳಿ ನರ್ಸಿಗೂ ತೋರಿಸು. ಎಡ ಬಲ ಎಂದು ಬರೆದರೆ ನಾನು ತಪ್ಪುತ್ತೇನೆ, ಆದ್ದರಿಂದ ನಮ್ಮ ಮೇಜಿಗೆ ಕೂತಿದ್ದೀಯ ಅಂದುಕೋ. ನಿನ್ನ ನೋಯುವ ಕೈ ಕಿಟಕಿ ಕಡೆಯದು. ಚೆನ್ನಾಗಿರುವುದು ಬಾಗಿಲ ಕಡೆಯದು.

ಮಲಗಿರುವಾಗಲೇ ಶುರುಮಾಡು. ಬಾಗಿಲ ಕಡೆಯ ಕೈಯಿಂದ ಇನ್ನೊಂದರ ಮಣಿಕಟ್ಟು ಹಿಡಿದುಕೋ, ಮಗು ಎತ್ತಿದ ಹಾಗೆ ಎತ್ತು. ಹೊಕ್ಕುಳಿನವರೆಗೆ ಬಂದರೆ ಅಷ್ಟೇ ಸಾಕು. ಎಂಟು ಎಣಿಸು, ಇಳಿಸು. ಉಸಿರು ಹಿಡಿಯಬೇಡ, ನೀನು ಕತ್ತರಿ ಹಾಕುವಾಗಲೂ ಉಸಿರು ಹಿಡಿಯುತ್ತಿದ್ದೆ, ಕೆಟ್ಟ ಅಭ್ಯಾಸ. ಎರಡು ದಿನ ಬಿಟ್ಟು ಮಂಚದ ಅಂಚಿಗೆ ಬಂದು ಕೂತು ಮುಂದಕ್ಕೆ ಬಾಗಿ ಆ ಕೈಯನ್ನು ಸುಮ್ಮನೆ ಜೋಲಾಡಲು ಬಿಡು. ನೀನು ಆಡಿಸಬೇಡ, ಮೈ ತೂಗಿದರೆ ಅದೇ ಆಡುತ್ತದೆ, ಬಾವಿಯೊಳಗೆ ಇಳಿಬಿಟ್ಟ ಹಗ್ಗದ ಹಾಗೆ. ಸಣ್ಣ ಸುತ್ತು, ಆಮೇಲೆ ಸ್ವಲ್ಪ ದೊಡ್ಡ ಸುತ್ತು. ಅಲ್ಲಿಗೆ ವಾರವಾಗುತ್ತದೆ. ಆಮೇಲೆ ಎದ್ದು ಗೋಡೆಯ ಮುಂದೆ ನಿಲ್ಲು. ನೀನು ದಿನವೂ ಮುಖ ತಿರುಗಿಸಿ ಮಲಗುವ ಅದೇ ಗೋಡೆ. ಎರಡು ಬೆರಳನ್ನು ಇರುವೆಯ ಹಾಗೆ ಹತ್ತಿಸು. ಎಲ್ಲಿ ನಿಂತಿತೋ ಅಲ್ಲಿ ಮುರ್ನಿಯ ಕೈಯಲ್ಲಿ ಪೆನ್ಸಿಲಿನ ಗೀಟು ಹಾಕಿಸು. ಮಾರನೇ ದಿನ ಒಂದು ಉಗುರಿನಷ್ಟು ಮೇಲೆ. ಕೆಲವು ದಿನ ಕೆಳಗೇ ನಿಲ್ಲುತ್ತದೆ, ಆಗ ಅಳಬೇಡ, ನನ್ನನ್ನು ಬೈದುಕೋ. ಚುಚ್ಚಿದ ಹಾಗೆ ಆದರೆ ಬಿಡು. ಎಳೆದ ಹಾಗೆ ಆದರೆ ಬಿಡಬೇಡ. ಬೆಳಿಗ್ಗೆ ಐದು ನಿಮಿಷ, ಮಧ್ಯಾಹ್ನ ಐದು ನಿಮಿಷ. ದಿನಾ. ನಾಳೆ ಹತ್ತು ಮಾಡುತ್ತೇನೆ ಎಂದು ಇವತ್ತು ಬಿಡುವುದು ಲೆಕ್ಕಕ್ಕಿಲ್ಲ.

ಒಂಬತ್ತು ಗಂಟೆಗೇ ಮಾಡು. ನಾನೂ ಇಲ್ಲಿ ಆ ಹೊತ್ತಿಗೆ ಜಗಲಿಗೆ ಬಂದು ನಿಲ್ಲುತ್ತೇನೆ. ಪಶ್ಚಿಮಕ್ಕೆ, ನಿನ್ನ ಕಡೆ ಮುಖ ಮಾಡಿ ನಿಲ್ಲುತ್ತೇನೆ. ನಡುವೆ ಸಮುದ್ರ ಇದ್ದರೆ ಇರಲಿ.

ಮುರ್ನಿ ನನ್ನನ್ನು ಅಲ್ಲಿಗೆ ಬನ್ನಿ ಎಂದಳು. "ಬಸ್ಸು ಹತ್ತಿ, ಹಡಗು ದಾಟಿ, ಮತ್ತೆ ಬಸ್ಸು. ನಾನೇ ಬಂದು ಕರ್ಕೊಂಡು ಹೋಗ್ತೀನಿ ದೊಡ್ಡಮ್ಮ. ನೀವು ಎದುರಿಗೆ ನಿಂತ್ರೆ ಅಮ್ಮ ಕೈ ಎತ್ತುತ್ತಾಳೆ" ಎಂದಳು. ನನಗೆ ಈಗ ಬಸ್ಸಿನ ಮೆಟ್ಟಿಲು ಹತ್ತಲು ಬರುತ್ತದೆ, ಅದು ವಿಷಯವಲ್ಲ. ನೀನು ಕರೆಯದೆ ನಾನು ಬರುವುದಿಲ್ಲ. ನೀನು ಕರೆಯುವ ಮೊದಲು ನಾನು ಇನ್ನೊಂದು ಮಾತು ಬರೆಯಬೇಕಿದೆ, ಕಾಗದ ಮುಗಿಯುತ್ತಾ ಬಂತು, ಕೈಯೂ ಸೋತಿತು. ಮೊದಲು ಹೆಸರು ಹಾಕಿಬಿಡುತ್ತೇನೆ, ಹಾಕಿದರೆ ಪತ್ರ ಮುಗಿದ ಹಾಗೆ, ಅಂಚೆಗೆ ಹಾಕದೆ ಇರಲಾಗುವುದಿಲ್ಲ.

ಮುರ್ನಿಗೂ ಮಕ್ಕಳಿಗೂ ಸಲಾಮು ಹೇಳು.

ನಿನ್ನ ಮೇಜಿನವಳು,
ಲಸ್ಮಿನಿ

ಮರೆತಿರಲಿಲ್ಲ, ಬರೆಯಲು ಆಗಿರಲಿಲ್ಲ, ಈಗ ಬರೆಯುತ್ತೇನೆ. ನಿನ್ನನ್ನು ಹಿಂದಿನ ಕೋಣೆಗೆ ಹಾಕಿದ್ದು ಮೇಲಿನವರ ಆರ್ಡರಲ್ಲ. ಶನಿವಾರ ಕೆಲಸ ಬಿಟ್ಟ ಮೇಲೆ ನೀನು ಕೈ ತೊಳೆಯಲು ಹೋಗಿದ್ದೆ. ನಾನು ಬು ಮಾರ್ಯಾತಿಯ ಹತ್ತಿರ ಹೋಗಿ, "ವಿನಾರ್ಸಿ ಕೈಯಲ್ಲಿ ಇನ್ನು ಆಗಲ್ಲ. ನಂಗೆ ಬೇರೆ ಹುಡುಗಿ ಕೊಡಿ" ಎಂದೆ. ಅವಳು, "ಮೂವತ್ತೊಂದು ವರ್ಷದ ಜೋಡಿ ಕಣೇ, ಯೋಚಿಸಿ ಹೇಳು" ಎಂದಳು. "ಯೋಚಿಸಿದೀನಿ" ಎಂದೆ. ನಿನ್ನ ಕೈ ಕೆಡಿಸಿದವಳೂ ನಾನೇ, ಕೆಟ್ಟಿತು ಎಂದು ದೂರು ಕೊಟ್ಟವಳೂ ನಾನೇ. ಬಾವುಟ ಆಮೇಲೆ ನಮ್ಮ ಮೇಜಿಗೆ ಬರಲೇ ಇಲ್ಲ, ಆ ಹುಡುಗಿಗೆ ನನ್ನ ಬಾಯಿ ತಡೆಯಲಾಗದೆ ವರ್ಷದೊಳಗೆ ಓಡಿಹೋದಳು. ಇದನ್ನು ಕ್ಷಮಿಸು ಎಂದು ಬರೆದಿಲ್ಲ, ನೋಡಿಕೋ. ಆ ಕೈ ಹೋದರೆ ಅದು ನಿನ್ನ ವಯಸ್ಸಿನಿಂದ ಹೋದದ್ದಲ್ಲ ಎಂದು ನಿನಗೆ ಗೊತ್ತಿರಬೇಕು ಎಂದು ಬರೆದೆ. ನನ್ನಿಂದಾಗಿ ಅದನ್ನು ಬಿಟ್ಟುಕೊಡಬೇಡ. ನಾನು ಅಷ್ಟು ಬೆಲೆಯವಳಲ್ಲ.

ಇದನ್ನು ಓದಿದ ಮೇಲೆ ಬಾ ಎಂದರೆ ಬರುತ್ತೇನೆ. ಬರಬೇಡ ಎಂದರೆ ಇಲ್ಲೇ ನಿಲ್ಲುತ್ತೇನೆ. ಎರಡರಲ್ಲಿ ಒಂದು ಬರೆ. ಮುರ್ನಿಯ ಕೈಯಲ್ಲಿ ಬರೆಸಬೇಡ, ಚೆನ್ನಾಗಿರುವ ಕೈಯಲ್ಲೂ ಬರೆಯಬೇಡ, ನೋಯುವ ಕೈಯಲ್ಲೇ ಬರೆ. ಅಕ್ಷರ ಸೊಟ್ಟಗಿರಲಿ, ನನ್ನದೇನು ನೆಟ್ಟಗಿದೆಯೇ. ನನ್ನ ರವಿಕೆಯ ಕೊಕ್ಕೆಗೆ ಐದು ವಾರ ಹಿಡಿಯಿತು, ನಿನಗೂ ಐದು ವಾರ ಕೊಡುತ್ತೇನೆ. ಆಗಸ್ಟ್ ಹದಿನೈದನೇ ತಾರೀಖಿನೊಳಗೆ ಉತ್ತರ ನನ್ನ ಕೈ ಸೇರಬೇಕು.